ಕೋಳಿ, ಬಾತುಕೋಳಿಗಳೂ ಊರು ಬಿಟ್ಟು ಹೊರಟಾಗ

ಮಕ್ಕಳೇ, ಪ್ರತಿ ವರ್ಷ ಶಾಲೆ ಶುರುವಾದಾಗ ನಿಮ್ಮ ತರಗತಿಗೆ ಒಬ್ಬಿಬ್ಬರು ಹೊಸಬರು ಬಂದು ಸೇರುತ್ತಾರಲ್ಲವೇ? ಅಪ್ಪನಿಗೋ ಅಮ್ಮನಿಗೋ ವರ್ಗವಾಗಿ ಬೇರೆ ಊರಿನಿಂದ ಬಂದವರು. ಮನೆ ಬದಲಿಸುವಾಗ ಸಾಮಾನು ಕಟ್ಟುವುದು ದೊಡ್ಡವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಗಾಜಿನ ಲೋಟಗಳಿಗೆ ಹಳೆಯ ಪತ್ರಿಕೆ ಸುತ್ತುತ್ತಾರೆ. ಬೀರುವಿನ ಕನ್ನಡಿಗೆ ಕಂಬಳಿ ಹೊದಿಸುತ್ತಾರೆ. ಉಪ್ಪಿನಕಾಯಿ ಭರಣಿಯನ್ನು ಯಾರಾದರೊಬ್ಬರು ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಾರೆ. ಆದರೆ ಹಿತ್ತಲಲ್ಲಿ ಸಾಕಿದ ಕೋಳಿ, ಬಾತುಕೋಳಿಗಳನ್ನು ಒಯ್ಯುವುದು ಹೇಗೆ? ಉಪ್ಪಿನಕಾಯಿ ಭರಣಿಗೆ ಕೊಟ್ಟಷ್ಟು ಗಮನವನ್ನೂ ನಮ್ಮ ಮನೆಯಲ್ಲಿ ಅವಕ್ಕೆ ಕೊಟ್ಟಿರಲಿಲ್ಲ.

ನಾನು ಆರನೆಯ ತರಗತಿ ಮುಗಿಸಿದ ವರ್ಷ ಅದು. ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಉತ್ತರ ಕನ್ನಡ ಜಿಲ್ಲೆಯ ಕುಮಟಾಕ್ಕೆ ಅಪ್ಪನಿಗೆ ವರ್ಗವಾಯಿತು. 350 ಕಿಲೋಮೀಟರಿಗೂ ಹೆಚ್ಚಿನ ದಾರಿ. ತಿಂಗಳು ಮೇ. ನಮ್ಮಲ್ಲಿ ಐದು ಕೋಳಿ, ಮೂರು ಬಾತುಕೋಳಿ ಇದ್ದವು. ಕೋಳಿಗಳ ಕಾಲು ಕಟ್ಟಿ, ಐದನ್ನೂ ಒಂದೇ ಬಿದಿರಿನ ಬುಟ್ಟಿಗೆ ಹಾಕಿ, ಹಾರಿಹೋಗದಂತೆ ಸುತ್ತಲೂ ಗೋಣಿಚೀಲ ಹೊಲಿದೆವು. ಬುಟ್ಟಿ ಉರುಳಬಾರದೆಂದು ಲಾರಿಯೊಳಗೆ ಬೀರುವಿಗೂ ಅಕ್ಕಿ ಮೂಟೆಗಳಿಗೂ ನಡುವೆ ಒತ್ತಿ ಕೂರಿಸಿದೆವು. ಅದರ ಮೇಲೆ ತಾಡಪತ್ರಿ. ಬಾತುಕೋಳಿಗಳ ಪೆಟ್ಟಿಗೆಗೆ ಒಳಗೆ ಜಾಗ ಸಾಲಲಿಲ್ಲ. ಪಟ್ಟಿಗಳ ನಡುವೆ ಸಂದು ಬಿಟ್ಟು ಮಾಡಿದ ಹಣ್ಣಿನ ಪೆಟ್ಟಿಗೆ ಅದು. ಅದನ್ನು ಲಾರಿಯ ಹಿಂಬದಿಯಲ್ಲಿ, ತಾಡಪತ್ರಿಯ ಹೊರಗೆ ಕಟ್ಟಿದೆವು. ಬಿಸಿಲು ಬಡಿಯುತ್ತದೆಂದು ಅಮ್ಮ ಅದರ ಮೇಲೊಂದು ಹಳೆಯ ಚಾಪೆ ಇಳಿಬಿಟ್ಟಳು.

ಬೆಳಿಗ್ಗೆ ಹತ್ತಕ್ಕೆ ಲಾರಿ ಹೊರಟಿತು. ಕೊಪ್ಪಳದ ಹತ್ತಿರ ಊಟಕ್ಕೆ ನಿಂತಾಗ ಲಾರಿ ಒಂದು ಗಂಟೆ ಬಿಸಿಲಲ್ಲೇ ಇತ್ತು. ಗದಗ ದಾಟಿದ ಮೇಲೆ ಚಹಾಕ್ಕೆ ನಿಲ್ಲಿಸಿದ ಚಾಲಕರು ಹಿಂದಕ್ಕೆ ಹೋಗಿ ಬಂದು, "ತಮ್ಮಾ, ನಿಮ್ಮ ಕೋಳಿ ಸಪ್ಪಳನ ಇಲ್ಲಲ್ಲೋ, ಒಮ್ಮೆ ನೋಡಪಾ" ಎಂದರು.

ಗೋಣಿ ಬಿಚ್ಚಿದೆವು. ಎರಡು ಕೋಳಿ ಸತ್ತಿದ್ದವು. ಉಳಿದ ಮೂರು ಕೊಕ್ಕು ತೆರೆದು, ಕಣ್ಣು ಮುಚ್ಚಿ, ಕತ್ತು ಚಾಚಿ ಬಿದ್ದಿದ್ದವು. ಸತ್ತವುಗಳಲ್ಲಿ ಒಂದು ನಾನು ಮರಿಯಿಂದ ಸಾಕಿದ ಕೆಂಪು ಕೋಳಿ. ಹಿಂಬದಿಯ ಬಾತುಕೋಳಿಗಳು ಸೊರಗಿದ್ದರೂ ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದವು. ಕೋಳಿಗಳ ಮೈಮೇಲೆ ಗಾಯವಿರಲಿಲ್ಲ. ರೋಗವಿರಲಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬ ಜೋಳ ತಿಂದಿದ್ದವು. ಹಾಗಾದರೆ ಅವು ಸತ್ತದ್ದು ಏಕೆ? ಲಾರಿಯಲ್ಲಿ ಯಾರೂ ಈ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಉಳಿದ ಮೂರನ್ನು ಕುಮಟಾದ ಪಶುವೈದ್ಯರೊಬ್ಬರಿಗೆ ತೋರಿಸಿದಾಗ ಅವರು ಮೊದಲು ಹೇಳಿದ ಮಾತು, "ಕೋಳಿ ಬೆವರುವುದಿಲ್ಲ, ಗೊತ್ತುಂಟಾ ನಿನಗೆ?"

ಬೆವರಿಲ್ಲದ ಮೈ

ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಕೋಳಿಯದು ಸುಮಾರು 41 ಡಿಗ್ರಿ. ಬಾತುಕೋಳಿಯದೂ ಹೆಚ್ಚು ಕಡಿಮೆ ಅಷ್ಟೇ. ನಮಗೆ 41 ಡಿಗ್ರಿ ಎಂದರೆ ಆಸ್ಪತ್ರೆಗೆ ಓಡಬೇಕಾದ ಜ್ವರ. ಹಕ್ಕಿಗೆ ಅದು ದಿನನಿತ್ಯದ ಮೈ ಬಿಸಿ. ಆದರೆ ಕೋಳಿಯ ಮೈ ಉಷ್ಣತೆ 47 ಡಿಗ್ರಿಯ ಹತ್ತಿರ ಹೋದರೆ ಅದು ಬದುಕುವುದಿಲ್ಲ. ನಡುವಿನ ಅಂತರ ಕೇವಲ ಆರು ಡಿಗ್ರಿ ಎಂಬುದನ್ನು ಗಮನಿಸಿ.

ಮೈಯ ಬಿಸಿ ಎಲ್ಲಿಂದ ಬರುತ್ತದೆ? ತಿಂದ ಕಾಳು ದೇಹದಲ್ಲಿ ನಿಧಾನವಾಗಿ 'ಉರಿದು' ಶಕ್ತಿಯಾಗುತ್ತದೆ. ಆ ಶಕ್ತಿಯ ಬಹುಪಾಲು ಶಾಖವಾಗಿ ಹೊರಬರುತ್ತದೆ. ಎರಡು ಕಿಲೋಗ್ರಾಂ ತೂಗುವ ಒಂದು ಕೋಳಿ ಸುಮ್ಮನೆ ಕೂತಿದ್ದರೂ ಸುಮಾರು 10 ವಾಟ್‌ನಷ್ಟು ಶಾಖವನ್ನು ಹೊರಬಿಡುತ್ತಿರುತ್ತದೆ. ನಮ್ಮ ಬುಟ್ಟಿಯಲ್ಲಿ ಐದು ಕೋಳಿಗಳಿದ್ದವು. ಈಗ ಲೆಕ್ಕ ಹಾಕಿ. ಸುಮಾರು 50 ವಾಟ್! ಹಳೆಯ ಕಾಲದ ತಂತಿಯ ಬಲ್ಬು ನೆನಪಿದೆಯೇ, ಮುಟ್ಟಿದರೆ ಕೈ ಸುಡುತ್ತಿದ್ದದ್ದು? ಅಂಥದೊಂದು ಬಲ್ಬನ್ನು ಉರಿಸಿ, ಬುಟ್ಟಿಯೊಳಗಿಟ್ಟು, ಸುತ್ತ ಗೋಣಿ ಹೊಲಿದು, ಮೇಲೆ ತಾಡಪತ್ರಿ ಹೊದಿಸಿದ ಹಾಗೆ ನಾವು ಮಾಡಿದ್ದೆವು.

ಹಿತ್ತಲಲ್ಲಿರುವಾಗ ಕೋಳಿ ಈ ಶಾಖವನ್ನು ಹೇಗೆ ಕಳೆದುಕೊಳ್ಳುತ್ತದೆ ಎಂಬುದನ್ನು ಒಂದು ಮಧ್ಯಾಹ್ನ ಕೂತು ನೋಡಿ. ಮೊದಲು ಅದು ನೆರಳಿಗೆ ಹೋಗುತ್ತದೆ. ರೆಕ್ಕೆಗಳನ್ನು ಮೈಯಿಂದ ಬಿಡಿಸಿ ಇಳಿಬಿಡುತ್ತದೆ. ರೆಕ್ಕೆಯ ಕೆಳಗೆ ಪುಕ್ಕ ಕಡಿಮೆ, ಅಲ್ಲಿಗೆ ಗಾಳಿ ತಾಗಬೇಕು. ತಲೆಯ ಮೇಲಿನ ಜುಟ್ಟಿಗೂ ಗಲ್ಲದ ಕೆಳಗೆ ಜೋತುಬಿದ್ದ ಕೆಂಪು ಚರ್ಮಕ್ಕೂ ಹೆಚ್ಚು ರಕ್ತ ಹರಿದು ಅಲ್ಲಿಂದ ಶಾಖ ಹೊರಹೋಗುತ್ತದೆ. ಮಣ್ಣು ಕೆದರಿ ಗುಳಿ ಮಾಡಿ, ಒಳಗಿನ ತಂಪು ಮಣ್ಣಿಗೆ ಹೊಟ್ಟೆ ತಾಗಿಸಿ ಮಲಗುತ್ತದೆ. ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಕೊಕ್ಕು ತೆರೆದು ಏದುಸಿರು ಬಿಡತೊಡಗುತ್ತದೆ.

ಈ ಏದುಸಿರೇ ಕೋಳಿಯ ಬೆವರು ಎನ್ನಬಹುದು. ನಮಗೆ ಚರ್ಮದ ತುಂಬ ಬೆವರಿನ ಗ್ರಂಥಿಗಳಿವೆ. ಬೆವರು ಆವಿಯಾಗುವಾಗ ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಮೈಯಿಂದ ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಅಷ್ಟು ಶಾಖದಿಂದ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಬಹುದು! ಹಕ್ಕಿಗಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಆದ್ದರಿಂದ ಅವು ಬಾಯಿ, ಗಂಟಲು ಮತ್ತು ಉಸಿರಿನ ದಾರಿಯ ತೇವವನ್ನೇ ಆವಿ ಮಾಡಿ ಹೊರಹಾಕುತ್ತವೆ. ಆರಾಮವಾಗಿರುವ ಕೋಳಿ ನಿಮಿಷಕ್ಕೆ ಸುಮಾರು 20ರಿಂದ 35 ಸಲ ಉಸಿರಾಡಿದರೆ, ಸೆಕೆಯಲ್ಲಿ ಅದು ನೂರನ್ನು ದಾಟಿ ಹೋಗುತ್ತದೆ. ಹೀಗೆ ಹೊರಹೋಗುವ ನೀರನ್ನು ಮತ್ತೆ ಕುಡಿದು ತುಂಬಿಕೊಳ್ಳಬೇಕು. ನಮ್ಮ ಬುಟ್ಟಿಯಲ್ಲಿ ನೀರಿರಲಿಲ್ಲ. ರೆಕ್ಕೆ ಬಿಡಿಸಲು ಜಾಗವಿರಲಿಲ್ಲ. ಮೈಗೆ ತಾಗುತ್ತಿದ್ದದ್ದು ತಂಪು ಮಣ್ಣಲ್ಲ, ಪಕ್ಕದ ಕೋಳಿಯ 41 ಡಿಗ್ರಿಯ ಮೈ.

ಸಿಂಧನೂರಿನ ಮಡಕೆ, ಕುಮಟಾದ ಮಡಕೆ

ಇನ್ನೊಂದು ವಿಷಯ ನನಗೆ ಅರ್ಥವಾದದ್ದು ಕೋಳಿಯಿಂದಲ್ಲ, ಮಡಕೆಯಿಂದ. ಸಿಂಧನೂರಿನಲ್ಲಿ ಬೇಸಿಗೆಯಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು. ಅದೇ ಮಡಕೆಯನ್ನು ಕುಮಟಾಕ್ಕೆ ತಂದು ನೀರು ತುಂಬಿಸಿದರೆ ನೀರು ಅಷ್ಟು ತಣ್ಣಗಾಗಲೇ ಇಲ್ಲ. "ಈ ಊರಿನ ನೀರೇ ಹಿಂಗ" ಎಂದು ಅಜ್ಜಿ ನೀರನ್ನು ಬೈದರು. ತಪ್ಪು ನೀರಿನದಲ್ಲ, ಗಾಳಿಯದು. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ತೆಗೆದುಕೊಳ್ಳುತ್ತದೆ. ರಾಯಚೂರಿನ ಬೇಸಿಗೆಯ ಗಾಳಿ ಒಣಗಾಳಿ. ನೀರು ಬೇಗ ಆವಿಯಾಗುತ್ತದೆ. ಸಮುದ್ರತೀರದ ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿರುತ್ತದೆ. ಇನ್ನಷ್ಟು ಆವಿಗೆ ಅಲ್ಲಿ ಹೆಚ್ಚು ಜಾಗವಿಲ್ಲ. ಒಗೆದ ಬಟ್ಟೆಯೂ ಅಲ್ಲಿ ನಿಧಾನವಾಗಿ ಒಣಗುತ್ತದೆ. ಕೋಳಿಯ ಏದುಸಿರೂ ಮಡಕೆಯ ಹಾಗೆಯೇ. ಒಣಗಾಳಿಯಲ್ಲಿ 36 ಡಿಗ್ರಿಯನ್ನು ಹೇಗೋ ತಡೆದುಕೊಳ್ಳುವ ಕೋಳಿ, ತೇವದ ಗಾಳಿಯಲ್ಲಿ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲೇ ಸೋತುಹೋಗಬಹುದು.

ಆದರೆ ನಮ್ಮ ಕೋಳಿಗಳು ಸತ್ತದ್ದು ಗದಗದ ಹತ್ತಿರ, ಒಣಗಾಳಿಯ ನಾಡಿನಲ್ಲೇ ಅಲ್ಲವೇ ಎಂದು ನೀವು ಕೇಳಬಹುದು. ನಿಜ. ಬುಟ್ಟಿಯ ಹೊರಗೆ ಒಣಗಾಳಿಯಿತ್ತು. ಒಳಗೆ? ಐದು ಕೋಳಿಗಳು ನಿಮಿಷಕ್ಕೆ ನೂರಾರು ಸಲ ಬಿಟ್ಟ ಉಸಿರಿನ ಆವಿಯನ್ನು ಗೋಣಿ ಮತ್ತು ತಾಡಪತ್ರಿ ಹೊರಕ್ಕೆ ಬಿಡಲಿಲ್ಲ. ಸಮುದ್ರ ಇನ್ನೂ ಇನ್ನೂರು ಕಿಲೋಮೀಟರು ದೂರವಿರುವಾಗಲೇ ಆ ಬುಟ್ಟಿಯೊಳಗೆ ಕರಾವಳಿಯ ಸೆಕೆ ತುಂಬಿಕೊಂಡಿತ್ತು. ಲಾರಿ ಓಡುವಾಗ ಅಲ್ಪಸ್ವಲ್ಪ ಗಾಳಿ ನುಗ್ಗುತ್ತಿದ್ದಿರಬೇಕು. ಊಟಕ್ಕೆ ನಿಂತ ಆ ಒಂದು ಗಂಟೆಯಲ್ಲಿ ಅದೂ ನಿಂತಿತು. ಮುಚ್ಚಿದ ಕಾರೊಂದನ್ನು ಬಿಸಿಲಲ್ಲಿ ನಿಲ್ಲಿಸಿದರೆ ಅರ್ಧ ಗಂಟೆಯಲ್ಲೇ ಒಳಗಿನ ಉಷ್ಣತೆ ಹೊರಗಿಗಿಂತ 15 ಡಿಗ್ರಿಗೂ ಹೆಚ್ಚು ಏರಬಲ್ಲದು. ನಾವು ನೆರಳಲ್ಲಿ ಕೂತು ಊಟ ಮಾಡುತ್ತಿದ್ದ ಹೊತ್ತಿಗೇ ಅವುಗಳಿಗೆ ಅತಿ ಕಷ್ಟವಾಗಿದ್ದಿರಬೇಕು.

ಬಾತುಕೋಳಿಗಳು ಉಳಿದದ್ದು ಗಾಳಿಯಿಂದಲೇ?

ಹಿಂಬದಿಯಲ್ಲಿ ಕಟ್ಟಿದ್ದ ಬಾತುಕೋಳಿಗಳಿಗೆ ಗಾಳಿ ಸಿಕ್ಕಿತು, ಅದಕ್ಕೇ ಬದುಕಿದವು ಎಂದು ನಾನು ಆಗ ನಂಬಿದ್ದೆ. ಇರಬಹುದು. ಆದರೆ ಸ್ವಲ್ಪ ತಡೆಯಿರಿ. ಬುಟ್ಟಿಗೂ ಪೆಟ್ಟಿಗೆಗೂ ಗಾಳಿಯೊಂದರಲ್ಲೇ ವ್ಯತ್ಯಾಸವಿತ್ತೇ? ಅಲ್ಲಿದ್ದದ್ದು ಐದು, ಇಲ್ಲಿದ್ದದ್ದು ಮೂರು. ಅವು ಕೋಳಿ, ಇವು ಬಾತುಕೋಳಿ. ಬಾತುಕೋಳಿ ತನ್ನ ಅಗಲ ಕೊಕ್ಕು ಮತ್ತು ಜಾಲಪಾದಗಳಿಂದಲೂ ಶಾಖ ಕಳೆದುಕೊಳ್ಳಬಲ್ಲದು. ಇಷ್ಟೊಂದು ವ್ಯತ್ಯಾಸಗಳಿರುವಾಗ ಕಾರಣ ಇದೇ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ವಿಜ್ಞಾನಿಗಳು ಪ್ರಯೋಗ ಮಾಡುವಾಗ ಒಂದನ್ನು ಮಾತ್ರ ಬದಲಿಸಿ ಉಳಿದವನ್ನೆಲ್ಲ ಹಾಗೆಯೇ ಇಡುವುದು ಇದಕ್ಕಾಗಿಯೇ.

ಕೋಳಿ ಮತ್ತು ಬಾತುಕೋಳಿ ಜೊತೆಯಾಗಿ ಪಯಣ ಮಾಡಿದ ಅತ್ಯಂತ ಪ್ರಸಿದ್ಧ ಪ್ರಸಂಗ ಯಾವುದು ಗೊತ್ತೇ? ಅದೂ ಒಂದು ಪ್ರಯೋಗವೇ. 1783ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ವರ್ಸೈ ಅರಮನೆಯ ಅಂಗಳದಿಂದ ಮಾಂಟ್‌ಗಾಲ್ಫಿಯರ್ ಸಹೋದರರ ಬಿಸಿಗಾಳಿಯ ಬಲೂನು ಮೇಲೇರಿತು. ದೊರೆ 16ನೆಯ ಲೂಯಿಯೇ ನೋಡಲು ಬಂದಿದ್ದ. ಮನುಷ್ಯರು ಅಷ್ಟು ಎತ್ತರಕ್ಕೆ ಹೋದರೆ ಬದುಕುತ್ತಾರೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ಆದ್ದರಿಂದ ಬಲೂನಿಗೆ ಕಟ್ಟಿದ ಬುಟ್ಟಿಯಲ್ಲಿ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಕಳುಹಿಸಿದರು. ಬಾತುಕೋಳಿ ಎತ್ತರದಲ್ಲಿ ಹಾರಬಲ್ಲ ಜಾತಿಯ ಹಕ್ಕಿ. ಎತ್ತರದಿಂದ ಅದಕ್ಕೆ ತೊಂದರೆಯಾಗಬಾರದು. ಹುಂಜವೂ ಹಕ್ಕಿಯೇ, ಆದರೆ ಎತ್ತರಕ್ಕೆ ಹಾರುವುದಿಲ್ಲ. ಕುರಿ ನೆಲದ ಪ್ರಾಣಿ. ಬಾತುಕೋಳಿ ಚೆನ್ನಾಗಿದ್ದು ಉಳಿದೆರಡು ಸತ್ತರೆ ದೋಷ ಎತ್ತರದ್ದು. ಮೂರೂ ಸತ್ತರೆ ಬಲೂನಿನದು. ಎಂಥ ಜಾಣ ಆಯ್ಕೆ ನೋಡಿ! ಸುಮಾರು ಎಂಟು ನಿಮಿಷ ಹಾರಿದ ಬಲೂನು ಮೂರು ಕಿಲೋಮೀಟರಿಗೂ ಆಚೆ ಇಳಿಯಿತು. ಮೂರೂ ಬದುಕಿದ್ದವು. ಹುಂಜದ ರೆಕ್ಕೆಗೆ ಮಾತ್ರ ಪೆಟ್ಟಾಗಿತ್ತು. ಎತ್ತರದ ಗಾಳಿಯಿಂದ ಹೀಗಾಯಿತೇ ಎಂಬ ಚರ್ಚೆ ಎದ್ದಿತು. ಆದರೆ ಹಾರುವ ಮುಂಚೆಯೇ ಕುರಿ ಅದಕ್ಕೆ ಒದ್ದದ್ದನ್ನು ಕಂಡವರಿದ್ದರು!

ಬೇರೆ ಬೇರೆ ಜಾತಿಯ ಪ್ರಾಣಿಗಳನ್ನು ಒಂದೇ ಬುಟ್ಟಿಯಲ್ಲಿ ಒಯ್ಯಬಾರದು ಎಂಬುದಕ್ಕೆ ಇದೊಂದು ಹಳೆಯ ಸಾಕ್ಷಿ. ನಮ್ಮ ದೇಶದಲ್ಲಿ ಪ್ರಾಣಿಗಳ ಸಾಗಣೆಗೆಂದು 1978ರಲ್ಲಿ ರೂಪಿಸಿದ ನಿಯಮಗಳಿಗೆ 2001ರಲ್ಲಿ ಕೋಳಿಗಳ ಸಾಗಣೆಯ ವಿಷಯವನ್ನೂ ಸೇರಿಸಲಾಯಿತು. ಒಂದು ಪೆಟ್ಟಿಗೆಯಲ್ಲಿ ಒಂದೇ ಜಾತಿಯ, ಒಂದೇ ವಯಸ್ಸಿನ ಹಕ್ಕಿಗಳಿರಬೇಕು, ಹುಂಜಗಳನ್ನು ಬೇರೆ ಇಡಬೇಕು, ಸೆಕೆಗಾಲದಲ್ಲಿ ಆರು ಗಂಟೆಗೊಮ್ಮೆಯಾದರೂ ನೀರು ಕೊಡಬೇಕು ಎಂದು ಅದರಲ್ಲಿದೆ.

ತಲೆಕೆಳಗಾಗಿ ಹಿಡಿದರೆ

ಮೂರು ವರ್ಷದ ಮೇಲೆ ಅಪ್ಪನಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಆಗ ನಮ್ಮಲ್ಲಿ ಕೋಳಿಗಳು ಆರಾಗಿದ್ದವು. ಈ ಸಲ ಅಪ್ಪ ನನ್ನನ್ನೇ ಪಶುವೈದ್ಯರ ಬಳಿಗೆ ಕಳುಹಿಸಿ, ಏನೇನು ಮಾಡಬೇಕೆಂದು ಬರೆದುಕೊಂಡು ಬಾ ಎಂದರು. ನಿಮ್ಮ ಮನೆಯವರು ಊರು ಬದಲಿಸುವಾಗ ನೀವೂ ಹಾಗೆ ಮಾಡಬಹುದು.

ಮೊದಲನೆಯದು ಹಿಡಿಯುವ ರೀತಿ. ಸಂತೆಯಲ್ಲಿ ನೀವು ನೋಡಿದ್ದೀರಿ: ಕಾಲು ಕಟ್ಟಿ, ತಲೆ ಕೆಳಗಾಗಿ ತೂಗುಹಾಕಿಕೊಂಡು ಹೋಗುತ್ತಾರೆ. ಕೋಳಿ ಸುಮ್ಮನಿರುತ್ತದೆ, ಆದ್ದರಿಂದ ಅದಕ್ಕೆ ನೋವಿಲ್ಲ ಎಂದುಕೊಳ್ಳುತ್ತೇವೆ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯಿದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಹಕ್ಕಿಗಳಿಗೆ ಅಂಥ ವಪೆ ಇಲ್ಲ. ಅವುಗಳ ಶ್ವಾಸಕೋಶ ನಮ್ಮದರಂತೆ ಉಬ್ಬಿ ಕುಗ್ಗುವುದೂ ಇಲ್ಲ. ಕೋಳಿಯ ದೇಹದೊಳಗೆ ಒಂಬತ್ತು ಗಾಳಿಚೀಲಗಳಿವೆ. ಎದೆಯ ಮೂಳೆ ಮೇಲೆ ಕೆಳಗೆ ಆಡಿದಂತೆ ಈ ಚೀಲಗಳು ತಿದಿಯ ಹಾಗೆ ಗಾಳಿಯನ್ನು ಎಳೆದು ಶ್ವಾಸಕೋಶದ ಮೂಲಕ ಹಾಯಿಸುತ್ತವೆ. ತಲೆಕೆಳಗಾಗಿ ಹಿಡಿದಾಗ ಕರುಳು, ಯಕೃತ್ತು ಎಲ್ಲ ಜಾರಿ ಗಾಳಿಚೀಲಗಳನ್ನು ಒತ್ತುತ್ತವೆ. ಎದೆಯನ್ನು ಗಟ್ಟಿಯಾಗಿ ಅಮುಕಿ ಹಿಡಿದರೂ ಅಷ್ಟೇ. ಮೂಗು ತೆರೆದಿದ್ದರೂ ಕೋಳಿಗೆ ಉಸಿರು ಕಟ್ಟುತ್ತದೆ. ಅನಗತ್ಯ ನೋವಾಗುವಂತೆ ಪ್ರಾಣಿಗಳನ್ನು ಒಯ್ಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹಾಗಾದರೆ ಹಿಡಿಯುವುದು ಹೇಗೆ? ಎರಡೂ ಅಂಗೈಗಳಿಂದ ರೆಕ್ಕೆಗಳನ್ನು ಮೈಗೆ ಸೇರಿಸಿ ಮೆಲ್ಲಗೆ ಎತ್ತಿ, ಒಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಡಿ. ಬಾತುಕೋಳಿಯನ್ನಂತೂ ಕಾಲು ಹಿಡಿದು ಎತ್ತಲೇಬೇಡಿ. ಅದರ ಕಾಲು ನೀರಿನಲ್ಲಿ ಹುಟ್ಟು ಹಾಕಲು ಹೇಳಿಮಾಡಿಸಿದ್ದು; ದಪ್ಪ ಮೈಯ ಭಾರವೆಲ್ಲ ಒಂದೇ ಸಲ ಅದರ ಮೇಲೆ ಬಿದ್ದರೆ ಕೀಲು ತಪ್ಪಬಹುದು.

ಬುಟ್ಟಿ, ಕಾಳು, ನೀರು

ಬುಟ್ಟಿ ಅಥವಾ ಪಂಜರ ಎಷ್ಟು ದೊಡ್ಡದಿರಬೇಕು? ಪ್ರತಿಯೊಂದು ಹಕ್ಕಿಯೂ ನಿಂತು, ತಿರುಗಿ, ಮತ್ತೆ ಕೂರುವಷ್ಟು. ಹಾಗೆಂದು ವಿಪರೀತ ದೊಡ್ಡದಾದರೂ ಕಷ್ಟ. ಬ್ರೇಕು ಹಾಕಿದಾಗ ಎಲ್ಲವೂ ಒಂದು ಮೂಲೆಗೆ ಜಾರಿ ಒಂದರ ಮೇಲೊಂದು ಬೀಳುತ್ತವೆ. ನಾವು ಎರಡು ಪಂಜರಗಳಲ್ಲಿ ಮೂರು ಮೂರು ಕೋಳಿ ಬಿಟ್ಟೆವು. ಗಾಳಿ ಎರಡು ಬದಿಯಿಂದಲೂ ಆಡುವಂತಿರಬೇಕು. ಒಂದೇ ಬದಿಯಲ್ಲಿ ತೂತಿದ್ದರೆ ಬಿಸಿಗಾಳಿ ಒಳಗೇ ನಿಲ್ಲುತ್ತದೆ. ತಳಕ್ಕೆ ನುಣುಪಾದ ಪ್ಲಾಸ್ಟಿಕ್ ಹಾಳೆ ಬೇಡ, ಕಾಲು ಜಾರುತ್ತದೆ. ಭತ್ತದ ಹುಲ್ಲು ಅಥವಾ ಮರದ ಹೊಟ್ಟು ಹಾಸಿ. ಅದು ಹಿಕ್ಕೆಯ ತೇವವನ್ನೂ ಹೀರುತ್ತದೆ. ತೇವ ಹಾಗೆಯೇ ನಿಂತರೆ ಹಿಕ್ಕೆಯಿಂದ ಅಮೋನಿಯ ಅನಿಲ ಹೊರಟು ಹಕ್ಕಿಗಳ ಕಣ್ಣು ಉರಿಯುತ್ತದೆ. ಕೋಳಿಮನೆಗೆ ಹೋದಾಗ ಮೂಗಿಗೆ ಚುಚ್ಚುವ ಆ ವಾಸನೆಯನ್ನು ನೀವೂ ಬಲ್ಲಿರಿ.

ಹೊರಡುವ ದಿನ ಹೊಟ್ಟೆ ಬಿರಿಯ ತಿನ್ನಿಸುವುದು ನಾವು ಪ್ರೀತಿಯಿಂದ ಮಾಡಿದ್ದ ಇನ್ನೊಂದು ತಪ್ಪು. ಕಾಳು ಜೀರ್ಣವಾಗುವಾಗ ಮೈಯಲ್ಲಿ ಇನ್ನಷ್ಟು ಶಾಖ ಹುಟ್ಟುತ್ತದೆ. ಹೊರಡುವ ಮೂರ್ನಾಲ್ಕು ಗಂಟೆ ಮೊದಲೇ ಕಾಳು ಮುಗಿಸಿ. ನೀರನ್ನು ಮಾತ್ರ ಕೊನೆಯ ಗಳಿಗೆಯವರೆಗೂ ಇಡಿ.

ದಾರಿಯಲ್ಲಿ ನೀರು ಕೊಡುವುದರಲ್ಲಿ ಕೋಳಿಗೂ ಬಾತುಕೋಳಿಗೂ ದೊಡ್ಡ ವ್ಯತ್ಯಾಸವಿದೆ. ಕೋಳಿಗೆ ತೆಂಗಿನ ಚಿಪ್ಪಿನಷ್ಟು ನೀರು ಸಾಕು. ಕೊಕ್ಕಿನ ತುದಿ ಅದ್ದಿ ತಲೆಯೆತ್ತಿ ನುಂಗುತ್ತದೆ. ಬಾತುಕೋಳಿಗೆ ಕೊಕ್ಕು ಪೂರ್ತಿ ಮುಳುಗುವಷ್ಟು ಆಳವಾದ ನೀರು ಬೇಕು. ಮೂಗಿನ ಹೊಳ್ಳೆಗಳನ್ನೂ ಕಣ್ಣುಗಳನ್ನೂ ಅದು ನೀರಲ್ಲೇ ತೊಳೆದುಕೊಳ್ಳುವುದು. ನೀರಿಲ್ಲದೆ ಒಣ ತವುಡನ್ನೋ ನುಚ್ಚನ್ನೋ ಹಾಕಿದರೆ ಅದರ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಆದರೆ ಓಡುವ ಗಾಡಿಯಲ್ಲಿ ಬೋಗುಣಿ ಇಟ್ಟರೆ ಹತ್ತೇ ನಿಮಿಷದಲ್ಲಿ ನೀರೆಲ್ಲ ಹುಲ್ಲಿನ ಮೇಲೆ! ಆದ್ದರಿಂದ ಓಡುವಾಗ ಸೌತೆಕಾಯಿ, ಕಲ್ಲಂಗಡಿಯ ಹೋಳುಗಳನ್ನು ಹಾಕಿ, ಎರಡು ಮೂರು ಗಂಟೆಗೊಮ್ಮೆ ನೆರಳಲ್ಲಿ ಗಾಡಿ ನಿಲ್ಲಿಸಿ ಆಳದ ಡಬ್ಬಿಯಲ್ಲಿ ನೀರಿಡಬೇಕು. ಕೇರಳದ ಕುಟ್ಟನಾಡಿನಲ್ಲಿ ಬಾತುಕೋಳಿ ಕಾಯುವವರು ಕೊಯ್ಲಾದ ಗದ್ದೆಗಳನ್ನು ಹುಡುಕಿಕೊಂಡು ತಮ್ಮ ದೊಡ್ಡ ಹಿಂಡುಗಳೊಂದಿಗೆ ಊರೂರು ಹೋಗುತ್ತಾರೆ. ಅವರು ಬಿಡಾರ ಹೂಡುವುದು ನೀರು ಹತ್ತಿರವಿರುವ ಕಡೆ.

ಒಂದು ವಿಚಿತ್ರ ಕೇಳಿ. ಆಗ ತಾನೇ ಮೊಟ್ಟೆಯೊಡೆದು ಬಂದ ಕೋಳಿಮರಿಗೆ ಎರಡು ದಿನ ಕಾಳೂ ನೀರೂ ಇಲ್ಲದಿದ್ದರೂ ನಡೆಯುತ್ತದೆ. ಹೊರಬರುವ ಮುಂಚೆ ಅದು ಮೊಟ್ಟೆಯ ಹಳದಿ ಭಾಗದ ಉಳಿಕೆಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಅದೇ ಅದರ ಬುತ್ತಿ! ಈ ಬುತ್ತಿಯ ಧೈರ್ಯದ ಮೇಲೆಯೇ ಅಮೆರಿಕದ ಅಂಚೆ ಇಲಾಖೆ 1918ರಿಂದ ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ಅಂಚೆಯ ಮೂಲಕ ಸಾಗಿಸತೊಡಗಿತು. ಬೆಳೆದ ಕೋಳಿಗೆ ಈ ಸೌಲಭ್ಯವಿಲ್ಲ.

ಕತ್ತಲೆಯಲ್ಲಿ ಘಟ್ಟ ಹತ್ತಿ

ಕುಮಟಾದಿಂದ ನಾವು ಹೊರಟದ್ದು ರಾತ್ರಿ ಒಂಬತ್ತಕ್ಕೆ. ರಾತ್ರಿ ಪಯಣದಲ್ಲಿ ಎರಡು ಲಾಭ. ಒಂದು, ತಂಪು. ಎರಡನೆಯದು ಕತ್ತಲೆ. ಕತ್ತಲೆಯಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅದು ಗಾಬರಿಯಾಗುವ ಬದಲು ಸುಮ್ಮನೆ ಕೂತುಬಿಡುತ್ತದೆ. ಹಿಡಿಯುವುದೂ ಸುಲಭ. ಹಗಲಲ್ಲಿ ಅಂಗಳದ ತುಂಬ ಓಡಿಸಿ ಹಿಡಿದ ಕೋಳಿ ಪಂಜರಕ್ಕೆ ಬೀಳುವಾಗಲೇ ಏದುಸಿರು ಬಿಡುತ್ತಿರುತ್ತದೆ.

ದೇವಿಮನೆ ಘಟ್ಟದ ತಿರುವುಗಳಲ್ಲಿ ನಮಗೆಲ್ಲ ಹೊಟ್ಟೆ ತೊಳೆಸಿತು. ಕೋಳಿಗಳು? ಟಾರ್ಚಿನ ಬೆಳಕನ್ನು ಬೆರಳಿನಿಂದ ಮರೆಮಾಡಿ ನೋಡಿದೆ. ಗಾಡಿ ಎತ್ತ ವಾಲಿದರೂ ಅವುಗಳ ತಲೆ ಮಾತ್ರ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ನೀವೂ ಕೋಳಿಯನ್ನು ಮೆಲ್ಲಗೆ ಹಿಡಿದು ಮೈಯನ್ನು ಅತ್ತಿತ್ತ ಸರಿಸಿ ನೋಡಿ. ಕತ್ತನ್ನು ಉದ್ದ, ಗಿಡ್ಡ ಮಾಡಿಕೊಂಡು ಅದು ತಲೆಯನ್ನು ಇದ್ದಲ್ಲೇ ಇಡುತ್ತದೆ. ಪಂಜರದ ಮೇಲ್ಚಾವಣಿ 'ತಲೆ ತಾಗದಷ್ಟು ಎತ್ತರವಿರಲಿ' ಎಂದು ವೈದ್ಯರು ಹೇಳಿದ್ದು ಏಕೆಂದು ಆಗ ತಿಳಿಯಿತು.

ಸಿರಸಿಯಲ್ಲಿ ಒಮ್ಮೆ, ಹಾವೇರಿ ದಾಟಿ ಒಮ್ಮೆ ನಿಲ್ಲಿಸಿ ನೀರಿಟ್ಟೆವು. ನಿಂತಾಗಲೆಲ್ಲ ನಾನೇ ಇಳಿದು ಹೋಗಿ ಪಂಜರದೊಳಗೆ ಕೈಯಿಟ್ಟು ನೋಡುತ್ತಿದ್ದೆ. ಬಿಸಿಲೇರುವ ಮುಂಚೆ ಚಿತ್ರದುರ್ಗ ತಲುಪಿದೆವು. ಆರು ಕೋಳಿ, ಮೂರು ಬಾತುಕೋಳಿ. ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

ಹೊಸ ಅಂಗಳ

ತಲುಪಿದ ಕೂಡಲೇ ಬಾಗಿಲು ತೆಗೆದು ಬಿಟ್ಟರೆ ಮುಗಿಯಿತೇ? ಇಲ್ಲ. ಕೋಳಿ ಸಂಜೆ ತಾನು ಮಲಗುವ ಜಾಗಕ್ಕೆ ತಾನೇ ಹಿಂದಿರುಗುತ್ತದೆ, ನಿಜ. ಆದರೆ ಅದರ ತಲೆಯಲ್ಲಿರುವುದು ಹಳೆಯ ಮನೆ. ಹೊಸ ಗೂಡಿನಲ್ಲಿ ನಾಲ್ಕಾರು ದಿನ ಕೂಡಿಹಾಕಿ, ಅಲ್ಲೇ ಕಾಳು ನೀರು ಕೊಟ್ಟರೆ ಇದೇ ಮನೆ ಎಂದು ಕಲಿಯುತ್ತದೆ. ಆಮೇಲೆ ಸಂಜೆ, ಕತ್ತಲಾಗುವ ಒಂದು ಗಂಟೆ ಮೊದಲು ಹೊರಬಿಡಿ. ದೂರ ಹೋಗಲು ಹೊತ್ತಿರುವುದಿಲ್ಲ. ಊರು ಬದಲಾದಾಗ ಕೋಳಿಗಳು ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತವೆ. ಮನೆಯವರು ಬೇಸರಪಟ್ಟರೆ ನೀವು ಕಾರಣ ಹೇಳಿ.

ಹೊಸ ಊರಿನಲ್ಲಿ ಆಗಲೇ ಕೋಳಿಗಳಿದ್ದರೆ ಜಗಳ ತಪ್ಪದು. ಹಿಂಡಿನಲ್ಲಿ ಯಾವ ಕೋಳಿ ಯಾವುದನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಕ್ರಮವಿದೆ. ನಾರ್ವೆ ದೇಶದ ಷೆಲ್ಡರುಪ್-ಎಬ್ಬೆ ಎಂಬವರು ಬಾಲ್ಯದಿಂದಲೇ ಕೋಳಿಗಳನ್ನು ನೋಡಿ ನೋಡಿ ಇದನ್ನು ಬರೆದಿಟ್ಟು, 1920ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಹೊಸ ಕೋಳಿ ಬಂದರೆ ಈ ಕ್ರಮ ಮತ್ತೆ ನಿರ್ಧಾರವಾಗಬೇಕು. ಎರಡು ಗುಂಪುಗಳನ್ನು ಕೆಲವು ವಾರ ದೂರ ದೂರವಿಡುವುದಕ್ಕೆ ಇದಕ್ಕಿಂತ ಮುಖ್ಯ ಕಾರಣ ರೋಗ. ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ರೋಗ ಒಂದು ಹಿಂಡಿನಿಂದ ಇನ್ನೊಂದಕ್ಕೆ ಬೇಗ ಹಬ್ಬುತ್ತದೆ. ಅದಕ್ಕೆ ಲಸಿಕೆಯಿದೆ, ಪಯಣಕ್ಕೆ ಎರಡು ಮೂರು ವಾರ ಮೊದಲೇ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಾಣಿಸಿಕೊಂಡದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಅದರ ವೈರಸ್ಸನ್ನು ಹೊತ್ತ ಬಾತುಕೋಳಿ ಕೆಲವೊಮ್ಮೆ ಆರೋಗ್ಯವಾಗಿರುವಂತೆಯೇ ಕಾಣುತ್ತದೆ. ಈ ಜ್ವರ ಬಂದ ಪ್ರದೇಶದಿಂದ ಹಕ್ಕಿಗಳನ್ನು ಹೊರಗೆ ಒಯ್ಯುವುದನ್ನು ಸರ್ಕಾರ ತಡೆಯುತ್ತದೆ. ಹೊರಡುವ ಮುಂಚೆ ಇದನ್ನೂ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಪಂಜರ ತೊಳೆದ ಮೇಲೆ ನಿಮ್ಮ ಕೈಗಳನ್ನೂ ಸೋಪು ಹಚ್ಚಿ ತೊಳೆದುಕೊಳ್ಳಿ.

ಮಾಡಿ ನೋಡಿ

ಒಂದೇ ಅಳತೆಯ ಮೂರು ರಟ್ಟಿನ ಪೆಟ್ಟಿಗೆಗಳನ್ನು ತೆಗೆದುಕೊಳ್ಳಿ. ಮೊದಲನೆಯದನ್ನು ಪೂರ್ತಿ ಮುಚ್ಚಿ. ಎರಡನೆಯದರ ಒಂದು ಬದಿಗೆ ಮಾತ್ರ ಹತ್ತು ತೂತು ಮಾಡಿ. ಮೂರನೆಯದರ ಎದುರು ಬದುರು ಬದಿಗಳಿಗೆ ಐದೈದು ತೂತು ಮಾಡಿ. ಮೂರನ್ನೂ ಬಿಸಿಲಿನಲ್ಲಿ, ಒಂದೇ ಕಡೆ ಇಡಿ. ಶಾಲೆಯ ಉಷ್ಣತಾಮಾಪಕವನ್ನು ಪ್ರತಿಯೊಂದರೊಳಗೂ ಸರದಿಯ ಮೇಲೆ ಇಟ್ಟು, ಐದು ನಿಮಿಷ ಬಿಟ್ಟು ಅಂಕಿಯನ್ನು ಬರೆದುಕೊಳ್ಳಿ. ಕೋಳಿಯನ್ನು ಮಾತ್ರ ಒಳಗೆ ಇಡಬೇಡಿ! ಎರಡನೆಯ ಮತ್ತು ಮೂರನೆಯ ಪೆಟ್ಟಿಗೆಗಳಲ್ಲಿ ತೂತುಗಳ ಸಂಖ್ಯೆ ಒಂದೇ. ಉಷ್ಣತೆಯೂ ಒಂದೇ ಆಗಿತ್ತೇ? ಗಾಳಿ ಬೀಸುವ ದಿನ ಮತ್ತು ಬೀಸದ ದಿನ, ಎರಡೂ ಸಲ ಮಾಡಿ ನೋಡಿ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕೋಳಿಯಿದ್ದರೆ ಬೆಳಿಗ್ಗೆ ಏಳಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ ಅದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಂದು ದೂರದಿಂದಲೇ ಎಣಿಸಿ. ಬಾಲದ ಬುಡ ಮೇಲೆ ಕೆಳಗೆ ಆಡುವುದನ್ನು ನೋಡಿದರೆ ಎಣಿಸುವುದು ಸುಲಭ. ಕೊಕ್ಕು ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.